ಹೆದರುವುದು ಕಣ್ಣಲ್ಲ, ಕಿವಿ!

ಟಿ.ವಿ.ಯಲ್ಲಿ ಭಯಾನಕ ಚಿತ್ರ ಬರುತ್ತಿರುವಾಗ ಧ್ವನಿಯನ್ನು ಪೂರ್ತಿ ನಿಲ್ಲಿಸಿ ನೋಡಿ. ಎದೆ ಝಲ್ಲೆನ್ನಿಸುವ ದೃಶ್ಯವೂ ಸಪ್ಪೆಯಾಗುತ್ತದೆ. ಕತ್ತಲ ಓಣಿಯಲ್ಲಿ ನಡೆಯುವ ನಾಯಕಿ ಹಾಲು ತರಲು ಹೊರಟವಳಂತೆ ಕಾಣುತ್ತಾಳೆ! ಕಾಲೇಜು ಹುಡುಗರು ಸೇರಿ ತೆಗೆಯುವ ಥ್ರಿಲ್ಲರ್ ಕಿರುಚಿತ್ರಗಳು ಎಡವುವುದು ಹೆಚ್ಚಾಗಿ ಇಲ್ಲೇ. ಚಿತ್ರೀಕರಣಕ್ಕೆ ತಿಂಗಳುಗಟ್ಟಲೆ ಬೆವರು ಸುರಿಸಿ, ಸಂಗೀತವನ್ನು ಕೊನೆಯ ರಾತ್ರಿಗೆ ಬಿಡುತ್ತಾರೆ.

ಅಂಥವರಿಗೆ ಅಮೆರಿಕದ ಜಾನ್ ಕಾರ್ಪೆಂಟರ್ ಅವರ ಅನುಭವ ಒಳ್ಳೆಯ ಪಾಠ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಓದುವಾಗ ಅವರು ಆರಂಭಿಸಿದ ವಿದ್ಯಾರ್ಥಿ ಚಿತ್ರವೇ ಬೆಳೆದು 1974ರಲ್ಲಿ 'ಡಾರ್ಕ್ ಸ್ಟಾರ್' ಆಗಿ ತೆರೆಕಂಡಿತು. ಅದರ ಸಂಗೀತವೂ ಅವರದೇ. ಸುಮಾರು 3 ಲಕ್ಷ ಡಾಲರಿನಲ್ಲಿ ತೆಗೆದ 1978ರ 'ಹ್ಯಾಲೋವೀನ್' ಚಿತ್ರವನ್ನು ಸದ್ದು, ಸಂಗೀತ ಸೇರಿಸುವ ಮೊದಲು ಚಿತ್ರಸಂಸ್ಥೆಯೊಂದರ ಅಧಿಕಾರಿಗೆ ತೋರಿಸಿದಾಗ ಆಕೆ ಚೂರೂ ಹೆದರಲಿಲ್ಲ. ಕಾರ್ಪೆಂಟರ್ ಪಿಯಾನೊ, ಸಿಂಥಸೈಜರ್ ಹಿಡಿದು ಸಂಗೀತ ಕೂಡಿಸಿದರು. ಮುಂದೆ ಆಕೆಯೂ ಚಿತ್ರ ಮೆಚ್ಚಿದರು. ಹೊಸದಾಗಿ ಸೇರಿದ್ದು ಸಂಗೀತ ಮಾತ್ರ ಎಂದು ಅವರೇ ಹೇಳಿಕೊಂಡಿದ್ದಾರೆ.

ಗುಟ್ಟೇನು? ಮೊದಲನೆಯದು ಲೆಕ್ಕ. ಪಾಶ್ಚಾತ್ಯ ಸಿನಿಮಾ ಸಂಗೀತದಲ್ಲಿ ನಾಲ್ಕರ ಎಣಿಕೆ ರೂಢಿ. ಕಾರ್ಪೆಂಟರ್ ತಂದೆಯಿಂದ ಕಲಿತಿದ್ದ ಐದರ ಎಣಿಕೆ ಹಿಡಿದರು. ಖಂಡಚಾಪು ಕೇಳಿ ಬೆಳೆದವರಿಗೆ ಐದು ಹೊಸದಲ್ಲ. ನಾಲ್ಕಕ್ಕೆ ಹೊಂದಿಕೊಂಡ ಕಿವಿಗೆ ಮಾತ್ರ ಪ್ರತಿ ಸುತ್ತಿನಲ್ಲೂ ಮೆಟ್ಟಿಲು ತಪ್ಪಿದ ಅನುಭವ!

ಎರಡನೆಯದು ಸ್ವರಗಳ ನೆರೆಹೊರೆ. ಹಾರ್ಮೋನಿಯಂನಲ್ಲಿ ಅಕ್ಕಪಕ್ಕದ ಬಿಳಿ ಕೀ, ಕಪ್ಪು ಕೀ ಒಟ್ಟಿಗೆ ಒತ್ತಿ. ಎರಡರ ಆವೃತ್ತಿಗೂ ಸುಮಾರು ಶೇ. 6ರಷ್ಟು ಅಂತರ. ಒಂದು ಸೆಕೆಂಡಿಗೆ 110 ಸಲ, ಇನ್ನೊಂದು 116.5 ಸಲ ಕಂಪಿಸಿದರೆ, ಅಲೆಗಳು ಒಮ್ಮೆ ಕೂಡಿ ಒಮ್ಮೆ ಕಳೆದು, ದನಿ ಸೆಕೆಂಡಿಗೆ ಆರೇಳು ಸಲ ಏರಿಳಿಯುತ್ತದೆ. ಭೌತವಿಜ್ಞಾನದ ವಿದ್ಯಾರ್ಥಿಗಳು 'ಬೀಟ್ಸ್' ಎಂದು ಓದುವುದು ಇದನ್ನೇ. ಈ ನಡುಕ ಕಿವಿಗೆ ನೆಮ್ಮದಿ ಕೊಡದು.

ಮೂರನೆಯದು ನಿರೀಕ್ಷೆ. 1975ರ 'ಜಾಸ್' ಚಿತ್ರಕ್ಕೆ ಜಾನ್ ವಿಲಿಯಮ್ಸ್ ಇಂಥ ನೆರೆಯ ಎರಡು ಸ್ವರಗಳನ್ನೇ ಮಂದ್ರದಲ್ಲಿ ಒಂದಾದ ಮೇಲೊಂದು ನುಡಿಸಿ, ಬರುಬರುತ್ತ ವೇಗ ಹೆಚ್ಚಿಸಿದರು. ಶಾರ್ಕ್ ಕಾಣದಿದ್ದರೂ ಹತ್ತಿರ ಬಂದದ್ದು ತಿಳಿಯುತ್ತದೆ. ಸ್ವಾರಸ್ಯ ಮುಂದಿದೆ. ಸಂಗೀತ ಬಂದರೆ ಶಾರ್ಕ್ ಬಂತು ಎಂದು ಪ್ರೇಕ್ಷಕ ಕಲಿತ ಮೇಲೆ, ಒಂದು ದೃಶ್ಯದಲ್ಲಿ ಸಂಗೀತದ ಮುನ್ಸೂಚನೆಯೇ ಇಲ್ಲದೆ ಅದು ಧುತ್ತೆಂದು ನೀರಿನಿಂದ ಮೇಲೇಳುತ್ತದೆ!

ಇದಕ್ಕೆಲ್ಲ ದುಬಾರಿ ವಾದ್ಯಗೋಷ್ಠಿ ಬೇಕಿಲ್ಲ. ಬಾವಿಯ ರಾಟೆಯ ಕಿರಗುಟ್ಟುವಿಕೆ, ತೊಟ್ಟಿಕ್ಕುವ ನಲ್ಲಿ, ತಂಬೂರಿಯ ಒಂದು ಮೀಟು ಇವನ್ನು ಮೊಬೈಲ್ ಫೋನಿನಲ್ಲೇ ಹಿಡಿಯಬಹುದು. ಕಂಪ್ಯೂಟರಿನಲ್ಲಿ ಹಳೆಯ ಟೇಪಿನಂತೆ ಅರ್ಧ ವೇಗಕ್ಕೆ ಓಡಿಸಿದರೆ ದನಿ ಒಂದು ಸ್ಥಾಯಿ ಕೆಳಗಿಳಿದು, ಏನೆಂದು ಗುರುತೇ ಹತ್ತುವುದಿಲ್ಲ. ಅದನ್ನು ಮೆಲ್ಲಗೆ ಏರಿಸುತ್ತ ಹೋಗಿ, ಬಾಗಿಲು ತೆರೆಯುವ ಮುನ್ನ ತಟ್ಟನೆ ನಿಲ್ಲಿಸಬೇಕು. ಮೂರು ಸೆಕೆಂಡ್ ಬರೀ ಮೌನ.

ಆಮೇಲೆ ಕಥೆ ಗೊತ್ತಿಲ್ಲದ ಗೆಳೆಯನೊಬ್ಬನನ್ನು ಕೂರಿಸಿ ಚಿತ್ರ ತೋರಿಸಿ. ಪರದೆ ಬಿಟ್ಟು ಅವನ ಮುಖ ನೋಡುತ್ತಿರಿ. ಆ ಮೂರು ಸೆಕೆಂಡ್ ಅವನು ಉಸಿರು ಬಿಗಿಹಿಡಿದರೆ ಸಂಗೀತ ಪಾಸು!