ಪಾಸಿಟಿವ್ ಅಂದರೆ ಒಳ್ಳೆಯದೋ, ಕೆಟ್ಟದ್ದೋ? ಕನ್ನಡದಲ್ಲಿ ಹೇಳಿ ಡಾಕ್ಟರೇ!



ನಿಮ್ಮ ಮನೆಯ ಟ್ರಂಕಿನಲ್ಲೋ, ಗಾದಿಯ ಕೆಳಗೋ ಒಂದು ರಕ್ತ ಪರೀಕ್ಷೆಯ ವರದಿ ಇದ್ದೇ ಇರುತ್ತದೆ. ಒಮ್ಮೆ ಹೊರಗೆ ತೆಗೆಯಿರಿ. ಅದರಲ್ಲಿ ಕನ್ನಡದ ಒಂದು ಅಕ್ಷರವಾದರೂ ಇದೆಯೇ ಹುಡುಕಿರಿ. ರಕ್ತ ನಿಮ್ಮದು. ರೊಕ್ಕ ನಿಮ್ಮದು. ರೋಗ ಇದ್ದರೆ ಅದೂ ನಿಮ್ಮದೇ. ಭಾಷೆ ಮಾತ್ರ ನಿಮ್ಮದಲ್ಲ!

ಆ ವರದಿಯಲ್ಲಿರುವ ಒಂದೇ ಒಂದು ಮಾತನ್ನು ಹಿಡಿದು ಇವತ್ತು ಕೇಳುತ್ತೇನೆ. ಆ ಮಾತು 'ಪಾಸಿಟಿವ್'. ಅದರ ಜೋಡಿ 'ನೆಗೆಟಿವ್'. ಎಲ್ಲರ ಬಾಯಲ್ಲೂ ಇರುವ ಮಾತುಗಳು. ಎಷ್ಟು ಜನರಿಗೆ ಅರ್ಥ ಗೊತ್ತು?

ನಾನು ಡಾಕ್ಟರಲ್ಲ. ಪಿಯುಸಿ ಓದಿ ಮಹಾಲಿಂಗಪುರದಲ್ಲಿ ಪ್ರೆಸ್ ನಡೆಸುವವ. ಲಗ್ನಪತ್ರಿಕೆ, ಬೆಲ್ಲದ ಅಡತಿ ಅಂಗಡಿಯ ಬಿಲ್ ಬುಕ್ಕು, ದವಾಖಾನೆಯ ಚೀಟಿ, ಲ್ಯಾಬಿನ ಫಾರ್ಮು ಎಲ್ಲ ಅಚ್ಚು ಹಾಕುತ್ತೇನೆ. ನಮ್ಮ ಕಸುಬಿನಲ್ಲಿ ಫಿಲ್ಮ್ ಇಟ್ಟು ಪ್ಲೇಟ್ ಮಾಡುತ್ತಿದ್ದ ಕಾಲಕ್ಕೆ ನೆಗೆಟಿವ್ ಅಂದರೆ ಕಪ್ಪು ಬಿಳಿಯಾಗಿ, ಬಿಳಿ ಕಪ್ಪಾಗಿ ಕಾಣುವ ಫಿಲ್ಮು. ಪಾಸಿಟಿವ್ ಅಂದರೆ ಸರಿಯಾಗಿ ಕಾಣುವುದು. ಕರೆಂಟಿನವನಿಗೆ ಅದು ಪ್ಲಸ್ಸು, ಮೈನಸ್ಸು. ಸಾಲಿ ಮಾಸ್ತರರಿಗೆ ಪಾಸಿಟಿವ್ ಅಂದರೆ ಒಳ್ಳೆಯ ವಿಚಾರ, ನೆಗೆಟಿವ್ ಅಂದರೆ ಕೆಟ್ಟ ವಿಚಾರ. ಇಷ್ಟೆಲ್ಲ ಕೇಳಿ ಬೆಳೆದ ಮನುಷ್ಯ ಲ್ಯಾಬಿನ ಬಾಗಿಲಿಗೆ ಹೋದಾಗ 'ಪಾಸಿಟಿವ್ ಬಂದಿದೆ' ಎಂದರೆ ಅವನು ನಗಬೇಕೋ, ಅಳಬೇಕೋ?

ಲ್ಯಾಬಿನಲ್ಲಿ ಅದರ ಅರ್ಥ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. 'ಯಾವುದನ್ನು ಹುಡುಕಿದೆವೋ ಅದು ಕಂಡಿದೆ' ಎಂದಷ್ಟೇ. ನೆಗೆಟಿವ್ ಅಂದರೆ 'ಹುಡುಕಿದ್ದು ಕಂಡಿಲ್ಲ'. ಇಷ್ಟೇ ಸ್ವಾಮಿ! ಮಕ್ಕಳಿಗಾಗಿ ಹತ್ತು ವರ್ಷ ಹಂಬಲಿಸಿದ ಹೆಣ್ಣುಮಗಳಿಗೆ ಬಸಿರಿನ ಪರೀಕ್ಷೆ ಪಾಸಿಟಿವ್ ಬಂದರೆ ಸಕ್ಕರೆ ಹಂಚುತ್ತಾರೆ. ಕಫದ ಪರೀಕ್ಷೆಯಲ್ಲಿ ಕ್ಷಯದ ರೋಗಾಣು ಪಾಸಿಟಿವ್ ಬಂದರೆ ಮನೆಯೇ ನಡುಗುತ್ತದೆ. ಮಾತು ಒಂದೇ, ಹುಡುಕಿದ್ದು ಬೇರೆ.

ಇನ್ನೊಂದು ಗೊಂದಲ ನೋಡಿ. ರಕ್ತದ ಗುಂಪಿಗೂ ಇದೇ ಮಾತು. 'ಬಿ ಪಾಸಿಟಿವ್', 'ಓ ನೆಗೆಟಿವ್'. ಇಲ್ಲಿ ರೋಗದ ಮಾತೇ ಇಲ್ಲ. ಆರ್‌ಎಚ್ ಎಂಬ ಒಂದು ಅಂಶ ರಕ್ತದ ಕಣದ ಮೇಲೆ ಇದೆಯೋ ಇಲ್ಲವೋ ಎಂದು ಹೇಳುವುದಷ್ಟೇ. ಆದರೆ ಬಸಿರು ಹೆಂಗಸಿನ ತಾಯಿ ಕಾರ್ಡಿನಲ್ಲಿ ನೆಗೆಟಿವ್ ಎಂದಿದ್ದರೆ ಅದು ಸುಮ್ಮನೆ ಬಿಡುವ ಮಾತಲ್ಲ. ತಾಯಿ ನೆಗೆಟಿವ್, ಹುಟ್ಟಿದ ಕೂಸು ಪಾಸಿಟಿವ್ ಆದರೆ ಹೆರಿಗೆಯಾದ 72 ತಾಸಿನೊಳಗೆ ತಾಯಿಗೆ ಆಂಟಿ-ಡಿ ಸೂಜಿ ಹಾಕಬೇಕು. ಹಾಕದಿದ್ದರೆ ಮುಂದಿನ ಕೂಸಿನ ಜೀವಕ್ಕೇ ಸಂಚಕಾರ ಬರಬಹುದು. 'ಎಲ್ಲ ನೆಗೆಟಿವ್ ಐತಿ, ಏನೂ ತೊಂದರೆ ಇಲ್ಲ' ಎಂದು ಮನೆಯವರು ತಿಳಿದು ಕಾರ್ಡು ಮಡಚಿಟ್ಟರೆ ತಪ್ಪು ಯಾರದು? ಓದಲು ಬಾರದ ಅತ್ತೆಯದೋ, ಅರ್ಥವಾಗದಂತೆ ಬರೆದವರದೋ?

ನಮ್ಮ ಜಿಲ್ಲೆಗೆ ಇದು ಆಟವಲ್ಲ

ಬಾಗಲಕೋಟೆ ಜಿಲ್ಲೆಯವರಿಗೆ ಈ ಮಾತಿನ ಬಿಸಿ ಚೆನ್ನಾಗಿ ಗೊತ್ತು. 2003ರಲ್ಲಿ ಇಲ್ಲಿ ನಡೆದ ಸಮೀಕ್ಷೆಯಲ್ಲಿ ಪರೀಕ್ಷೆಗೆ ಒಳಗಾದ ವಯಸ್ಕರ ಪೈಕಿ ನೂರಕ್ಕೆ ಸುಮಾರು 3 ಮಂದಿಯಲ್ಲಿ ಎಚ್‌ಐವಿ ಸೋಂಕು ಕಂಡಿತ್ತು. ಆಗಿನಿಂದ ನಮ್ಮ ಊರುಗಳಲ್ಲಿ 'ಪಾಸಿಟಿವ್' ಎಂಬುದು ಪರೀಕ್ಷೆಯ ಫಲಿತಾಂಶವಾಗಿ ಉಳಿಯಲಿಲ್ಲ, ಮನುಷ್ಯನ ಹಣೆಗೆ ಹಚ್ಚುವ ಚೀಟಿಯಾಯಿತು. 'ಅಂವಾ ಪಾಸಿಟಿವ್' ಎಂದರೆ ಮುಗಿಯಿತು, ಕೆಲಸ ಹೋಯಿತು, ನೆಂಟಸ್ತನ ಹೋಯಿತು.

ಆದರೆ ನಿಜ ಏನು? ಎಚ್‌ಐವಿ ಇದೆ ಎಂದು ಒಂದೇ ಪರೀಕ್ಷೆ ನೋಡಿ ಹೇಳುವಂತಿಲ್ಲ. ಬೇರೆ ಬೇರೆ ಬಗೆಯ ಮೂರು ಪರೀಕ್ಷೆಗಳಲ್ಲೂ ಕಂಡ ಮೇಲೆಯೇ ಖಚಿತ. ಹಾಗೆಯೇ ಸೋಂಕು ತಗುಲಿದ ಮೊದಲ ಕೆಲವು ವಾರಗಳಲ್ಲಿ ಪರೀಕ್ಷೆಗೆ ಅದು ಸಿಗದೇ ಇರಬಹುದು. ಆಗಿನ ನೆಗೆಟಿವ್ ನೋಡಿ ನಿಶ್ಚಿಂತೆಯಾಗಿ ಮಲಗುವಂತಿಲ್ಲ, ಹೇಳಿದ ದಿನಕ್ಕೆ ಮತ್ತೆ ಪರೀಕ್ಷೆ ಮಾಡಿಸಬೇಕು. ಸೋಂಕು ಖಚಿತವಾದರೂ ಸರ್ಕಾರಿ ಕೇಂದ್ರಗಳಲ್ಲಿ ಪುಕ್ಕಟೆ ಗುಳಿಗೆ ಸಿಗುತ್ತದೆ. ತಪ್ಪದೆ ನುಂಗಿದವರು ಎಲ್ಲರಂತೆ ದುಡಿದು ಬಾಳುತ್ತಾರೆ. ಇಷ್ಟು ಸಂಗತಿಯನ್ನು ಆ ಒಂದು ಇಂಗ್ಲಿಷ್ ಮಾತು ಹೇಳುತ್ತದೆಯೇ? ಹೇಳುವುದಿಲ್ಲ, ಹೆದರಿಸುತ್ತದೆ!

ಕಾನೂನು ಏನು ಹೇಳುತ್ತದೆ ಕೇಳಿ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯಿದೆ 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂತು. ಪರೀಕ್ಷೆಗೆ ಒಪ್ಪಿಗೆ ಪಡೆಯುವ ಮೊದಲು ಆ ವ್ಯಕ್ತಿಗೆ ತಿಳಿಯುವ ಭಾಷೆಯಲ್ಲಿ, ತಿಳಿಯುವ ರೀತಿಯಲ್ಲಿ ವಿಷಯ ಹೇಳಬೇಕು ಎಂದು ಅದರಲ್ಲೇ ಇದೆ. ದಿಲ್ಲಿಯಲ್ಲಿ ಮಾಡಿದ ಕಾನೂನಿಗೆ ಇರುವ ಬುದ್ಧಿ ನಮ್ಮೂರ ಫಾರ್ಮಿಗೆ ಯಾಕಿಲ್ಲ?

ನೆಪಗಳಿಗೆ ಉತ್ತರ

'ಪಾಸಿಟಿವ್ ಈಗ ಕನ್ನಡದ ಮಾತೇ ಆಗಿದೆಯಲ್ಲ?' ಎನ್ನುತ್ತಾರೆ. ಹೊರಗಿನ ಮಾತಿನ ಮೇಲೆ ನಮಗೆ ಸಿಟ್ಟಿಲ್ಲ. ದವಾಖಾನೆ ನಮ್ಮದಲ್ಲ, ನರ್ಸು ನಮ್ಮದಲ್ಲ. ಬಂದವು, ನಮ್ಮವಾದವು. ಏಕೆಂದರೆ ಕೇಳಿದವರಿಗೆಲ್ಲ ಒಂದೇ ಅರ್ಥ ಬರುತ್ತದೆ. ಪಾಸಿಟಿವ್‌ಗೆ ಅದು ಬರುವುದಿಲ್ಲ. ಇದೇ ನಮ್ಮ ತಕರಾರು.

'ಹಾಗಾದರೆ ಧನಾತ್ಮಕ, ಋಣಾತ್ಮಕ ಎಂದು ಬರೆಯೋಣ' ಎನ್ನುವ ಪಂಡಿತರೂ ಇದ್ದಾರೆ. ಅಯ್ಯಾ ಮಹಾನುಭಾವರೇ, ಧನ ಅಂದರೆ ನಮ್ಮ ಜನರಿಗೆ ರೊಕ್ಕ, ಋಣ ಅಂದರೆ ಸಾಲ. ರೋಗ ಬಂದವನಿಗೆ 'ನೀನು ಧನಾತ್ಮಕ' ಎಂದರೆ ಅವನು ಲಾಟರಿ ಹತ್ತಿತೆಂದು ತಿಳಿಯಬೇಕೇ? ಇಂಗ್ಲಿಷಿನ ಕತ್ತಲೆಯಿಂದ ಎತ್ತಿ ಸಂಸ್ಕೃತದ ಕತ್ತಲೆಗೆ ನೂಕಬೇಡಿ. 'ಕಂಡಿದೆ', 'ಕಂಡಿಲ್ಲ' ಎಂಬ ಮಾತು ಹೊಲದಾಗಿನ ಆಳಿಗೂ ತಿಳಿಯುತ್ತದೆ, ಡಾಕ್ಟರಿಗೂ ತಿಳಿಯುತ್ತದೆ.

'ಮಿರಜಿನ ಡಾಕ್ಟರು, ಬೆಳಗಾವಿಯ ಡಾಕ್ಟರು ಓದಬೇಕಲ್ಲ?' ಓದಲಿ! ಇಂಗ್ಲಿಷ್ ಅಳಿಸಿರೆಂದು ಯಾರು ಹೇಳಿದರು? ಅದರ ಕೆಳಗೆ ಒಂದು ಸಾಲು ಕನ್ನಡ ಸೇರಿಸಿ ಎನ್ನುತ್ತೇವೆ. ಖರ್ಚಿನ ಮಾತೆತ್ತಬೇಡಿ. ಆ ಲೆಕ್ಕ ನನಗೆ ಬಿಡಿ. ಅದೇ ಕಾಗದ, ಅದೇ ಪ್ಲೇಟು, ಅದೇ ಮಸಿ. ಒಂದು ಸಾಲು ಹೆಚ್ಚಾದರೆ ಯಾವ ಪ್ರೆಸ್ಸಿನವನೂ ಹೆಚ್ಚು ರೊಕ್ಕ ಕೇಳುವುದಿಲ್ಲ.

2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆಯವರು ಸರ್ಕಾರಿ ವೈದ್ಯರು ಕನ್ನಡದಲ್ಲಿ ಔಷಧ ಚೀಟಿ ಬರೆಯಲಿ ಎಂದು ಆರೋಗ್ಯ ಸಚಿವರಿಗೆ ಪತ್ರ ಬರೆದರು. ರಾಜ್ಯದ ಕೆಲವು ವೈದ್ಯರು ಬರೆದೂ ತೋರಿಸಿದರು. ಅವರಿಗೆ ಶರಣು. ಆದರೆ ಚೀಟಿ ಓದಲು ಔಷಧ ಅಂಗಡಿಯವನಾದರೂ ಇದ್ದಾನೆ. ಲ್ಯಾಬಿನ ವರದಿಯನ್ನು ಮನೆಯಲ್ಲಿ ಬಿಚ್ಚಿ ಕೂತವನಿಗೆ ಯಾರಿದ್ದಾರೆ?

ನಮ್ಮ ಬೇಡಿಕೆ ಇಷ್ಟು:

1. ಪ್ರತಿ ವರದಿಯಲ್ಲಿ ಏನನ್ನು ಹುಡುಕಿದರು ಎಂಬುದು ಕನ್ನಡದಲ್ಲಿ ಇರಲಿ.
2. ಫಲಿತಾಂಶದ ಎದುರು 'ಕಂಡಿದೆ' ಅಥವಾ 'ಕಂಡಿಲ್ಲ' ಎಂದಿರಲಿ.
3. ರಕ್ತದ ಗುಂಪಿನ ಕೆಳಗೆ 'ಇದು ರೋಗವಲ್ಲ' ಎಂದಿರಲಿ. ತಾಯಿ ಕಾರ್ಡಿನಲ್ಲಿ ನೆಗೆಟಿವ್ ಇದ್ದರೆ 'ಹೆರಿಗೆಯ ನಂತರದ ಸೂಜಿಯ ಬಗ್ಗೆ ಕೇಳಿ' ಎಂದು ದಪ್ಪ ಅಕ್ಷರದಲ್ಲಿರಲಿ.

ಕನ್ನಡಿಗರೇ, ಮುಂದಿನ ಸಲ ಲ್ಯಾಬಿಗೆ ಹೋದಾಗ ವರದಿ ಇಸಿದುಕೊಂಡು ಸುಮ್ಮನೆ ಬರಬೇಡಿ. ಕೌಂಟರಿನ ಮುಂದೆ ನಿಂತು ಕೇಳಿರಿ: 'ಏನು ಹುಡುಕಿದಿರಿ? ಕಂಡಿತೋ, ಇಲ್ಲವೋ? ಕನ್ನಡದಲ್ಲಿ ಬರೆದು ಕೊಡಿ.' ಒಬ್ಬರು ಕೇಳಿದರೆ ನಗುತ್ತಾರೆ. ಹತ್ತು ಜನ ಕೇಳಿದರೆ ಬರೆಯುತ್ತಾರೆ. ನೂರು ಜನ ಕೇಳಿದರೆ ಅಚ್ಚು ಹಾಕಿಸುತ್ತಾರೆ. ಅಚ್ಚು ಹಾಕಲು ನಾವು ತಯಾರಿದ್ದೇವೆ!