ಹೊಸ ಪೆಟ್ಟಿಗೆ ಖರೀದಿಸುವ ಮುನ್ನ ಮನೆಯ ಗೋಡೆಯನ್ನೊಮ್ಮೆ ನೋಡಿ

ಗುಜರಾತಿನಲ್ಲಿ ನೆಲೆಸಿರುವ ತುಳು-ಕನ್ನಡಿಗರ ಮನೆಗಳಲ್ಲಿ ಇತ್ತೀಚಿನ ದಿನಗಳಲ್ಲಿ ಕೇಳಿಬರುತ್ತಿರುವ ಸಾಮಾನ್ಯ ದೂರೆಂದರೆ ಇಂಟರ್‌ನೆಟ್ ಪದೇ ಪದೇ ಕಡಿದುಹೋಗುವುದು. ಅಹಮದಾಬಾದಿನ ಮಣಿನಗರವಿರಲಿ, ವಡೋದರದ ಮಾಂಜಲ್‌ಪುರವಿರಲಿ, ಸೂರತ್‌ನ ಅಡಾಜಣವಿರಲಿ, ಸಂಘದ ಸಭೆ ಮುಗಿದು ಉಪಾಹಾರದ ಹೊತ್ತಾದರೆ ಮಾತು ಅಲ್ಲಿಗೇ ಬಂದು ನಿಲ್ಲುತ್ತದೆ. ಒಂದು ವೈಫೈ ಪೆಟ್ಟಿಗೆ ಸಾಲದೆಂದು ಎರಡು-ಮೂರು ಪೆಟ್ಟಿಗೆಗಳ ‘ಮೆಶ್’ ಜೋಡಿಸಿಕೊಂಡವರ ಗೋಳಂತೂ ಇನ್ನೂ ಹೆಚ್ಚು.

ಇದು ಬರೇ ಮಕ್ಕಳ ಸಿನಿಮಾ ವೀಕ್ಷಣೆಯ ಮಾತಾಗಿದ್ದರೆ ಇಲ್ಲಿ ಬರೆಯುವ ಅಗತ್ಯವಿರಲಿಲ್ಲ. ಮಕ್ಕಳು ಬೆಂಗಳೂರು, ದುಬೈ ಎಂದು ಚದುರಿಹೋಗಿ ಇಲ್ಲಿ ಇಬ್ಬರೇ ಉಳಿದಿರುವ ಹಿರಿಯರು ನಮ್ಮಲ್ಲಿ ಬಹಳಷ್ಟಿದ್ದಾರೆ. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಅಂತಹ ಬ್ಯಾಂಕುಗಳಲ್ಲಿ ದುಡಿದು ನಿವೃತ್ತರಾದವರು ನವೆಂಬರ್ ಬಂತೆಂದರೆ ಜೀವನ ಪ್ರಮಾಣ ಪತ್ರ ಸಲ್ಲಿಸಬೇಕು. ಈಗ ಮೊಬೈಲಿಗೆ ಮುಖ ತೋರಿಸಿ ಮನೆಯಿಂದಲೇ ಸಲ್ಲಿಸಬಹುದಾದರೂ ನಡುವೆ ಸಂಪರ್ಕ ತಪ್ಪಿದರೆ ಮತ್ತೆ ರಿಕ್ಷಾ ಹಿಡಿದು ಬ್ಯಾಂಕಿಗೆ ಹೋಗುವುದೇ ಗತಿ.

2004ರ ಬ್ರಾಡ್‌ಬ್ಯಾಂಡ್ ನೀತಿಯಲ್ಲಿ ಸೆಕೆಂಡಿಗೆ 256 ಕಿಲೋಬಿಟ್ ಬಂದರೆ ಅದನ್ನೇ ಬ್ರಾಡ್‌ಬ್ಯಾಂಡ್ ಎನ್ನಲಾಗಿತ್ತು. ಇಂದು ಅದರ ನೂರಾರು ಪಟ್ಟು ವೇಗ ಫೈಬರ್ ಮೂಲಕ ಬಾಗಿಲಿಗೆ ಬರುತ್ತಿದೆ. ಬಾಗಿಲಿಗೆ ಬಂದದ್ದು ಒಳಕೋಣೆಗೆ ತಲುಪುತ್ತಿಲ್ಲ ಎಂಬುದೇ ಹೆಚ್ಚಿನ ಮನೆಗಳ ಕಥೆ. ಆದುದರಿಂದ ಕಂಪೆನಿಯನ್ನು ದೂರುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಬೇಕು. ಫೈಬರ್ ಬಂದು ಸೇರುವ ಪೆಟ್ಟಿಗೆಗೆ ಲ್ಯಾಪ್‌ಟಾಪನ್ನು ನೇರ ಕೇಬಲಿನಿಂದ ಜೋಡಿಸಿ ಒಂದೆರಡು ತಾಸು ಬಳಸಿ ನೋಡಿ. ಆಗಲೂ ಕಡಿದರೆ ದೋಷ ಹೊರಗಿನ ಲೈನಿನಲ್ಲಿ ಅಥವಾ ಆ ಪೆಟ್ಟಿಗೆಯಲ್ಲಿದೆ. ಕಡಿಯದಿದ್ದರೆ ದೋಷ ನಮ್ಮ ವೈಫೈಯಲ್ಲೇ ಇದೆ. ಈ ಪರೀಕ್ಷೆ ಮಾಡದೆ ಅಂಗಡಿಯವನು ಹೇಳಿದನೆಂದು ಮೂರನೇ ಪೆಟ್ಟಿಗೆ ತರುವುದು ನೋವೆಲ್ಲಿದೆಯೆಂದು ನೋಡದೆ ಮುಲಾಮು ಹಚ್ಚಿದಂತೆ.

ಮೆಶ್‌ನಲ್ಲಿ ನಮ್ಮವರು ಸಾಮಾನ್ಯವಾಗಿ ಎಡವುವುದು ಪೆಟ್ಟಿಗೆ ಇಡುವ ಜಾಗದಲ್ಲಿ. ಸಿಗ್ನಲ್ ಬಾರದ ಕೋಣೆಯಲ್ಲೇ ಎರಡನೆಯದನ್ನು ಇಟ್ಟುಬಿಡುತ್ತಾರೆ. ತನಗೇ ಸಿಗದ್ದನ್ನು ಅದು ಇತರರಿಗೆ ಹಂಚುವುದೆಲ್ಲಿಂದ? ಅದನ್ನು ಮೊದಲ ಪೆಟ್ಟಿಗೆಗೂ ಆ ಕೋಣೆಗೂ ನಡುದಾರಿಯಲ್ಲಿ ಇಡಬೇಕು. ಕಬ್ಬಿಣದ ಕಪಾಟು, ದೊಡ್ಡ ಕನ್ನಡಿ, ನೀರಿನ ಟ್ಯಾಂಕಿ, ಕಾಂಕ್ರೀಟ್ ಗೋಡೆ ಇವೆಲ್ಲ ಅಲೆಗಳಿಗೆ ಅಡ್ಡಿ. ಹಳೆ ಅಹಮದಾಬಾದಿನ ಪೋಳ್‌ಗಳ ದಪ್ಪ ಗೋಡೆಯ ಮನೆಗಳಲ್ಲಂತೂ 5 ಗಿಗಾಹರ್ಟ್ಸ್ ಅಲೆ ಎರಡು ಗೋಡೆ ದಾಟಿದರೆ ಅದೇ ದೊಡ್ಡದು. ಇನ್ನು ಪೆಟ್ಟಿಗೆಗಳು ತಮ್ಮೊಳಗೆ ಮಾತಾಡುವುದಕ್ಕೂ ನಮ್ಮ ಮೊಬೈಲಿಗೂ ಒಂದೇ ಅಲೆಯನ್ನು ಬಳಸುವಾಗ ವೇಗ ಸುಮಾರು ಅರ್ಧಕ್ಕಿಳಿಯುತ್ತದೆ. ಗೋಡೆಯ ಅಂಚಿನಲ್ಲಿ ಒಂದು ಕೇಬಲ್ ಎಳೆಸಿ ಎರಡು ಪೆಟ್ಟಿಗೆಗಳನ್ನೂ ಜೋಡಿಸಿದರೆ ಅರ್ಧದಷ್ಟು ತೊಂದರೆ ಅಲ್ಲಿಗೇ ನಿಲ್ಲುತ್ತದೆ. ಮನೆಯ ಅಂದ ಕೆಡುತ್ತದೆಂದು ಗೃಹಿಣಿಯರು ಒಪ್ಪುವುದಿಲ್ಲ, ಅದು ಬೇರೆ ವಿಷಯ!

ಕಂಪೆನಿ ಕೊಟ್ಟ ಪೆಟ್ಟಿಗೆಯೂ ನಾವು ತಂದ ಮೆಶ್ ಕೂಡ ಏಕಕಾಲಕ್ಕೆ ರೌಟರ್ ಕೆಲಸ ಮಾಡುತ್ತಿದ್ದರೆ ಅದೂ ಗೊಂದಲಕ್ಕೆ ದಾರಿ. ಎರಡರಲ್ಲಿ ಒಂದನ್ನು ‘ಬ್ರಿಡ್ಜ್’ ಅಥವಾ ‘ಆಕ್ಸೆಸ್ ಪಾಯಿಂಟ್’ ವಿಧಾನಕ್ಕೆ ಬದಲಿಸಬೇಕು.

ನಮ್ಮ ಈ ಊರುಗಳಿಗೇ ವಿಶಿಷ್ಟವಾದ ಕಾರಣಗಳೂ ಇವೆ. ಹೆಚ್ಚಿನ ಗೃಹಬಳಕೆಯ ರೌಟರ್‌ಗಳಿಗೆ ತಯಾರಕರು ಹಾಕಿರುವ ಉಷ್ಣತೆಯ ಮಿತಿ 40 ಡಿಗ್ರಿ. ಅಹಮದಾಬಾದಿನಲ್ಲಿ 2016ರ ಮೇ 20ರಂದು 48 ಡಿಗ್ರಿ ದಾಖಲಾಗಿತ್ತು. ಟೆರೇಸಿನ ಕೆಳಗಿನ ಮಹಡಿಯಲ್ಲಿ, ಅಟ್ಟದ ಮೇಲೆ, ಪಾತ್ರೆಗಳ ಮರೆಯಲ್ಲಿ ಕುಳಿತ ಪೆಟ್ಟಿಗೆ ಮಧ್ಯಾಹ್ನ ಎರಡು ಗಂಟೆಗೆ ತಾನೇ ನಿಂತು ತಾನೇ ಶುರುವಾದರೆ ಆಶ್ಚರ್ಯವೇನು? ಸಂಜೆ ಬಂದ ತಂತ್ರಜ್ಞ ಎಲ್ಲ ಸರಿಯಿದೆಯೆಂದು ಹೇಳಿ ಹೋಗುತ್ತಾನೆ, ಅವನದ್ದೂ ಸುಳ್ಳಲ್ಲ. ಇನ್ನು ಜನವರಿ 14ರ ಉತ್ತರಾಯಣ. ಮಾಳಿಗೆಯಿಂದ ಮಾಳಿಗೆಗೆ ಹಾದ ಕೇಬಲಿಗೆ ಗಾಳಿಪಟದ ಮಾಂಜಾ ಸಿಕ್ಕಿಕೊಂಡು ಎಳೆದಾಟವಾದರೆ ಒಳಗಿನ ಗಾಜಿನ ಎಳೆ ಬಾಗಿ ಬೆಳಕು ಸೋರುತ್ತದೆ. ಹಬ್ಬದ ಮರುದಿನ ಪೆಟ್ಟಿಗೆಯಲ್ಲಿ ‘ಲಾಸ್’ ಎಂಬ ಕೆಂಪು ದೀಪ ಉರಿಯುತ್ತಿದ್ದರೆ ಮೆಶ್ ಬದಲಿಸಿ ಪ್ರಯೋಜನವಿಲ್ಲ.

ಅಂತಹ ಸಂದರ್ಭದಲ್ಲಿ ಲೈನ್‌ಮ್ಯಾನ್‌ಗೆ ಬರೇ ಬಾಯಿಮಾತಲ್ಲಿ ಹೇಳಿ ಕೂರಬಾರದು. ಟ್ರಾಯ್ 2012ರಲ್ಲಿ ತಂದ ನಿಯಮಾವಳಿ ಪ್ರಕಾರ ಪ್ರತಿ ದೂರಿಗೂ ಡಾಕೆಟ್ ಸಂಖ್ಯೆ ಕೊಡಬೇಕು; ಪರಿಹಾರ ಸಿಗದಿದ್ದರೆ ಕಂಪೆನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಕಡಿದ ದಿನ, ಗಂಟೆ, ದೀಪದ ಬಣ್ಣ ಇವನ್ನು ಹಳೆ ಡೈರಿಯಲ್ಲಿ ಬರೆದಿಟ್ಟವರ ದೂರಿಗೆ ತೂಕ ಜಾಸ್ತಿ.

ಇಲ್ಲಿ ನಮ್ಮ ಸಂಘಗಳ ಪಾತ್ರವೇನು ಎಂದು ಕೇಳಬಹುದು. ವಾರ್ಷಿಕ ಕ್ರೀಡಾಕೂಟಕ್ಕೂ ಶಾಲು ಹೊದಿಸುವ ಸನ್ಮಾನಕ್ಕೂ ಓಡಾಡುವ ಯುವ ವಿಭಾಗದಲ್ಲಿ ಈ ವಿದ್ಯೆ ಬಲ್ಲ ಹುಡುಗ-ಹುಡುಗಿಯರು ಬೇಕಾದಷ್ಟಿದ್ದಾರೆ. ಮೂರೂ ನಗರಗಳಲ್ಲಿ ತಿಂಗಳಿಗೊಂದು ಆದಿತ್ಯವಾರ ಇಬ್ಬಿಬ್ಬರಂತೆ ಹಿರಿಯರ ಮನೆಗೆ ಹೋಗಿ ಒಂದು ಕೇಬಲ್, ಒಂದು ಲ್ಯಾಪ್‌ಟಾಪ್ ಹಿಡಿದು ಪರೀಕ್ಷಿಸಿ ಬರಲಿ. ಪಾಸ್‌ವರ್ಡನ್ನು ಮಾತ್ರ ಮನೆಯವರೇ ಇಟ್ಟುಕೊಳ್ಳಬೇಕು, ಗೋಡೆಗೆ ಅಂಟಿಸಬಾರದು. ಮಾರ್ಚ್ ತಿಂಗಳೊಳಗೆ ಈ ಕೆಲಸಕ್ಕೆ ಕೈಹಾಕಿದರೆ ಮೇ ತಿಂಗಳ ಬಿಸಿಲಿಗೆ ಮುನ್ನವೇ ಅಟ್ಟದ ಮೇಲಿನ ಪೆಟ್ಟಿಗೆಗಳನ್ನು ಕೆಳಗಿಳಿಸಬಹುದು.