ಮುಚ್ಚಿದ ಬಾಗಿಲಿನ ಬೆಲೆ

ಸಮಾಜದ ಸಮಾರಂಭಗಳಲ್ಲಿ ಅತಿಥಿಗಳನ್ನು ಪರಿಚಯಿಸುವ ಪದ್ಧತಿಗೆ ಒಂದು ಹೊಸ ವಿಶೇಷಣ ಸೇರಿಕೊಂಡಿದೆ. ಇಂತಹ ಉದ್ಯಮದ ಮಾಲೀಕರು, ಇಂತಹ ಬಸದಿಯ ಜೀರ್ಣೋದ್ಧಾರಕ್ಕೆ ನೆರವಾದವರು ಎಂಬ ಮಾತುಗಳ ಜೊತೆಗೆ, ಇಂತಹ ಕ್ಲಬ್ಬಿನ ಸದಸ್ಯರು ಎಂಬುದನ್ನೂ ಗೌರವದಿಂದ ಓದಲಾಗುತ್ತದೆ. ಸಭಿಕರು ಚಪ್ಪಾಳೆ ತಟ್ಟುತ್ತಾರೆ. ದಾನವೂ ಕ್ಲಬ್ಬಿನ ಸದಸ್ಯತ್ವವೂ ಒಂದೇ ಉಸಿರಿನಲ್ಲಿ ಉಚ್ಚರಿಸಲ್ಪಡುವುದನ್ನು ಯಾರೂ ಪ್ರಶ್ನಿಸುವುದಿಲ್ಲ. ಖಾಸಗಿ ಕ್ಲಬ್ಬಿಗೆ ಸೇರಿದವನು ನಿಜವಾಗಿ ಏನನ್ನು ಕೊಳ್ಳುತ್ತಾನೆ, ಅದಕ್ಕಾಗಿ ಏನನ್ನು ತೆರುತ್ತಾನೆ? ಅಂಗಡಿಯಲ್ಲಿ ಕಾಸಿಗೆ ಕಾಸು ಲೆಕ್ಕವಿಡುವ ಸಮಾಜವು ಈ ಒಂದು ಲೆಕ್ಕವನ್ನು ಮಾತ್ರ ಹಾಕದೆ ಬಿಟ್ಟಿರುವುದು ಆಶ್ಚರ್ಯಕರ.

'ಕಂಟ್ರಿ ಕ್ಲಬ್' ಎಂಬ ಹೆಸರು ಅಮೆರಿಕದಿಂದ ಬಂದದ್ದು. ಮ್ಯಾಸಚೂಸೆಟ್ಸ್ ರಾಜ್ಯದ ಬ್ರೂಕ್‌ಲೈನ್‌ನಲ್ಲಿ 1882ರಲ್ಲಿ ಹುಟ್ಟಿದ ಸಂಸ್ಥೆಯೊಂದು ತನ್ನನ್ನು 'ದಿ ಕಂಟ್ರಿ ಕ್ಲಬ್' ಎಂದೇ ಕರೆದುಕೊಂಡಿತು. ನಗರದ ಗದ್ದಲದಿಂದ ದೂರದ ಹಸಿರು ಬಯಲು, ಕುದುರೆ ಸವಾರಿ, ಅನಂತರ ಗಾಲ್ಫ್, ಸಂಜೆಯ ಔತಣ: ಇವು ಅದರ ಲಕ್ಷಣಗಳಾದವು. ಭಾರತದಲ್ಲಿ ಇದರ ಜ್ಞಾತಿಗಳು ಇನ್ನೂ ಹಳೆಯವು. ಬೆಂಗಳೂರು ಕ್ಲಬ್ಬನ್ನು 1868ರಲ್ಲಿ ಬ್ರಿಟಿಷ್ ಸೇನಾಧಿಕಾರಿಗಳು ಕಟ್ಟಿದರು. ಬೆಂಗಳೂರಿನ ಗಾಲ್ಫ್ ಕ್ಲಬ್ 1876ರದು. ಹೆಸರು ಬೇರೆಯಾದರೂ ಸ್ವರೂಪ ಒಂದೇ. ಸದಸ್ಯರೇ ಹೊಸ ಸದಸ್ಯರನ್ನು ಆರಿಸಿಕೊಳ್ಳುತ್ತಾರೆ, ಉಳಿದವರು ಹೊರಗಿರುತ್ತಾರೆ. ಬೆಂಗಳೂರು ಕ್ಲಬ್ಬಿನ ಸಂಪತ್ತು ತೆರಿಗೆಯ ವ್ಯಾಜ್ಯದಲ್ಲಿ 2020ರಲ್ಲಿ ತೀರ್ಪಿತ್ತ ಸರ್ವೋಚ್ಚ ನ್ಯಾಯಾಲಯ ಆರಂಭದಲ್ಲಿಯೇ ಒಂದು ಸಂಗತಿಯನ್ನು ನೆನೆಯಿತು. 1899ರಲ್ಲಿ ಲೆಫ್ಟಿನೆಂಟ್ ವಿನ್‌ಸ್ಟನ್ ಚರ್ಚಿಲ್ 13 ರೂಪಾಯಿ ಬಾಕಿ ಉಳಿಸಿಕೊಂಡು ಆ ಕ್ಲಬ್ಬಿನ ಸುಸ್ತಿದಾರರ ಪಟ್ಟಿಗೆ ಸೇರಿದ್ದರು. ಕಿರಾಣಿ ಅಂಗಡಿಯಲ್ಲಿ ಇಂತಹ ಬಾಕಿ ಅಪಮಾನವೆನಿಸುತ್ತದೆ. ಕ್ಲಬ್ಬಿನಲ್ಲಿ ಅದು ಅಭಿಮಾನದ ಕಥೆಯಾಗುತ್ತದೆ.

ಮೊದಲು ಹಣದ ಲೆಕ್ಕ. ಕ್ಲಬ್ಬಿನ ಬೆಲೆಯೆಂದರೆ ಪ್ರವೇಶ ಧನವೆಂದು ಹಲವರು ತಿಳಿದಿದ್ದಾರೆ. ಅದು ಮೊದಲ ಕಂತು ಮಾತ್ರ. ಅದರ ಹಿಂದೆ ಮಾಸಿಕ ಚಂದಾ ಬರುತ್ತದೆ. ತಿಂಗಳಿಗೆ ಇಷ್ಟು ರೂಪಾಯಿಗಳ ಊಟ ಪಾನೀಯಗಳನ್ನು ತೆಗೆದುಕೊಳ್ಳಲೇಬೇಕು, ತೆಗೆದುಕೊಳ್ಳದಿದ್ದರೂ ಹಣ ಕಟ್ಟಬೇಕು ಎಂಬ ಕಟ್ಟಳೆ ಅನೇಕ ಕ್ಲಬ್ಬುಗಳಲ್ಲಿದೆ. ಅತಿಥಿಯನ್ನು ಕರೆತಂದರೆ ಬೇರೆ ಶುಲ್ಕ. ಕಟ್ಟಡ ದುರಸ್ತಿಗೆ, ಹೊಸ ಈಜುಕೊಳಕ್ಕೆ ಎಂದು ಎಲ್ಲ ಸದಸ್ಯರ ಮೇಲೆ ಹಾಕುವ ವಿಶೇಷ ವಂತಿಗೆ ಇನ್ನೊಂದು. ಅಮೆರಿಕದ ಕೆಲವು ಕ್ಲಬ್ಬುಗಳಲ್ಲಿ ಹಿಂದಿರುಗಿಸುವ ಠೇವಣಿಯೆಂದು ಹಣ ಪಡೆದು, ಹೊಸಬರು ಸೇರುವವರೆಗೆ ಹಳಬರ ಹಣ ಬಾರದೆಂಬ ನಿಯಮದಿಂದ ವರ್ಷಗಟ್ಟಲೆ ಕಾಯಿಸಿದ್ದೂ ಉಂಟು.

ಉದಾಹರಣೆಗೆ, ಒಂದು ಕುಟುಂಬವು 10 ಲಕ್ಷ ರೂಪಾಯಿ ಪ್ರವೇಶ ಧನವನ್ನು 18ರ ದರದ ಜಿಎಸ್‌ಟಿ ಸಹಿತ ಕಟ್ಟಿತೆಂದು ಭಾವಿಸಬಹುದು. ಒಟ್ಟು 11 ಲಕ್ಷ 80 ಸಾವಿರ. ಶೇಕಡಾ 7ರಂತೆ ಅದರ ವಾರ್ಷಿಕ ಬಡ್ಡಿ 82,600 ರೂಪಾಯಿ. ಮಾಸಿಕ ಚಂದಾ 3,000 ಎಂದರೆ ವರ್ಷಕ್ಕೆ 36,000. ಅದರ ಮೇಲಿನ ತೆರಿಗೆ 6,480. ಊಟದ ಖರ್ಚನ್ನು ಪೂರ್ತಿ ಬಿಟ್ಟರೂ ಮೊತ್ತ 1,25,080 ರೂಪಾಯಿ. ಕುಟುಂಬವು ತಿಂಗಳಿಗೆ ಎರಡು ಬಾರಿ ಕ್ಲಬ್ಬಿಗೆ ಹೋದರೆ, ಒಂದೊಂದು ಸಲ ಆ ಗೇಟು ದಾಟುವುದಕ್ಕೆ 5,200 ರೂಪಾಯಿಗೂ ಹೆಚ್ಚು ಬೀಳುತ್ತದೆ. ಇನ್ನೂ ನೀರು ಕೂಡ ಕುಡಿದಿರುವುದಿಲ್ಲ. ಸದಸ್ಯರಾದವರು ತಮ್ಮ ತಮ್ಮ ಅಂಕಿಗಳನ್ನು ಇಟ್ಟು ಇದೇ ಲೆಕ್ಕವನ್ನು ಒಂದು ಹಾಳೆಯ ಮೇಲೆ ಬರೆದು ನೋಡಬೇಕು.

ಈ ಹಣಕ್ಕೆ ದೊರೆಯುವ ವಸ್ತು ಯಾವುದು? ಈಜುಕೊಳವೆಂದರೆ, ಅದು ಇದಕ್ಕಿಂತ ಅಗ್ಗವಾಗಿ ಬೇರೆಡೆ ದೊರೆಯುತ್ತದೆ. ಊಟವೆಂದರೆ ಮನೆಯ ಊಟಕ್ಕೆ ಅದು ಸಮವಲ್ಲ. ಬೇರೆಲ್ಲಿಯೂ ದೊರೆಯದ ವಸ್ತುವೊಂದೇ ಅಲ್ಲಿ ಮಾರಾಟಕ್ಕಿರುವುದು: ಇತರರು ಒಳಗೆ ಬರಲಾರರು ಎಂಬ ಭರವಸೆ. ಇಂಗ್ಲಿಷ್ ಪದ್ಧತಿಯ ಕ್ಲಬ್ಬುಗಳಲ್ಲಿ ಗುಟ್ಟಾಗಿ ಪೆಟ್ಟಿಗೆಗೆ ಬಿಳಿ ಅಥವಾ ಕಪ್ಪು ಗೋಲಿ ಹಾಕಿ ಅಭ್ಯರ್ಥಿಯ ಹಣೆಬರಹ ನಿರ್ಣಯಿಸುತ್ತಿದ್ದರು. ಕಾರಣ ಹೇಳಬೇಕಾಗಿರಲಿಲ್ಲ. ಎಲ್ಲರಿಗೂ ಬಾಗಿಲು ತೆರೆದರೆ ಆ ಸದಸ್ಯತ್ವವನ್ನು ಯಾರೂ ಲಕ್ಷಗಟ್ಟಲೆ ಕೊಟ್ಟು ಕೊಳ್ಳುವುದಿಲ್ಲ. ಆದುದರಿಂದ ಬಹಿಷ್ಕಾರವೇ ಅಲ್ಲಿಯ ಸರಕು.

ಆ ಸರಕಿನ ಇತಿಹಾಸ ಶೋಭಾಯಮಾನವಾದುದಲ್ಲ. ಲಾಸ್ ಏಂಜಲಿಸ್‌ನ ಕ್ಲಬ್ಬುಗಳು ಯೆಹೂದಿಗಳನ್ನು ಸೇರಿಸದಿದ್ದುದರಿಂದ ಅವರು 1920ರಲ್ಲಿ ತಮ್ಮದೇ ಹಿಲ್‌ಕ್ರೆಸ್ಟ್ ಕ್ಲಬ್ಬನ್ನು ಕಟ್ಟಿಕೊಂಡರು. ಅಮೆರಿಕದ ವೃತ್ತಿಪರ ಗಾಲ್ಫ್ ಆಟಗಾರರ ಸಂಘದ ನಿಯಮಾವಳಿಯಲ್ಲಿ ಬಿಳಿಯರಿಗೆ ಮಾತ್ರ ಸದಸ್ಯತ್ವವೆಂಬ ವಾಕ್ಯ 1934ರಿಂದ 1961ರವರೆಗೆ ಇತ್ತು. 1990ರಲ್ಲಿ ಅಲಬಾಮಾದ ಶೋಲ್ ಕ್ರೀಕ್ ಕ್ಲಬ್ಬಿನ ಸ್ಥಾಪಕ ಕರಿಯರನ್ನು ಸೇರಿಸುವುದಿಲ್ಲವೆಂದು ಪತ್ರಿಕೆಗೆ ನಿಸ್ಸಂಕೋಚವಾಗಿ ಹೇಳಿದ. ಅಲ್ಲಿ ನಡೆಯಬೇಕಿದ್ದ ಪಂದ್ಯಾವಳಿಯ ದೂರದರ್ಶನ ಪ್ರಸಾರದಿಂದ ದೊಡ್ಡ ಕಂಪನಿಗಳು ಜಾಹೀರಾತನ್ನು ಹಿಂತೆಗೆದಾಗ, ಕ್ಲಬ್ಬು ಅವಸರವಾಗಿ ಒಬ್ಬ ಕರಿಯ ಗೃಹಸ್ಥನನ್ನು ಗೌರವ ಸದಸ್ಯನನ್ನಾಗಿ ಮಾಡಿಕೊಂಡಿತು. ಎಚ್ಚರಗೊಂಡದ್ದು ಅಂತಃಕರಣವಲ್ಲ, ಹಣದ ಚೀಲ. ಜಗತ್ಪ್ರಸಿದ್ಧವಾದ ಆಗಸ್ಟಾ ನ್ಯಾಷನಲ್ ಕ್ಲಬ್ಬು ತನ್ನ ಮೊದಲ ಮಹಿಳಾ ಸದಸ್ಯರನ್ನು ಸ್ವೀಕರಿಸಿದ್ದು 2012ರಲ್ಲಿ.

ಭಾರತೀಯರು ಈ ಅವಮಾನವನ್ನು ಸ್ವತಃ ಉಂಡವರು. ಕಲಕತ್ತೆಯ ಬೆಂಗಾಲ್ ಕ್ಲಬ್ಬಿನಲ್ಲಿ ಭಾರತೀಯರಿಗೆ ಪ್ರವೇಶವಿಲ್ಲದಿದ್ದ ಕಾಲದಲ್ಲಿ, 1907ರಲ್ಲಿ, ಅದಕ್ಕೆ ಉತ್ತರವಾಗಿ ಕಲಕತ್ತಾ ಕ್ಲಬ್ ಹುಟ್ಟಿತು. ಅನ್ಯಾಯಕ್ಕೆ ಉತ್ತರವಾಗಿ ಹುಟ್ಟಿದ ಆ ಮನೆಯೇ ಮಹಿಳೆಯರಿಗೆ ಸದಸ್ಯತ್ವ ನೀಡಲು ನೂರು ವರ್ಷ ತೆಗೆದುಕೊಂಡಿತು. ಬಿಳಿಯರು ಹೋದರೂ ಅವರ ಬಾಗಿಲು ಉಳಿಯಿತು. 1988ರಲ್ಲಿ ಬರಿಗಾಲಿನಲ್ಲಿ ಬಂದ ಚಿತ್ರಕಾರ ಎಂ. ಎಫ್. ಹುಸೇನರನ್ನು ಮುಂಬಯಿಯ ವಿಲಿಂಗ್ಡನ್ ಕ್ಲಬ್ ಒಳಗೆ ಬಿಡಲಿಲ್ಲ. 2014ರಲ್ಲಿ ಚೆನ್ನೈನ ಒಂದು ಕ್ಲಬ್ಬಿನಲ್ಲಿ ಪಂಚೆಯುಟ್ಟು ಬಂದ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಯೊಬ್ಬರನ್ನು ತಡೆಯಲಾಯಿತು. ಅದೇ ವರ್ಷ ತಮಿಳುನಾಡು ಸರಕಾರ ಇದರ ವಿರುದ್ಧ ಕಾನೂನು ಮಾಡಬೇಕಾಯಿತು. 2017ರಲ್ಲಿ ದೆಹಲಿಯ ಗಾಲ್ಫ್ ಕ್ಲಬ್ಬಿಗೆ ಅತಿಥಿಯಾಗಿ ಬಂದಿದ್ದ ಮೇಘಾಲಯದ ಖಾಸಿ ಮಹಿಳೆಯೊಬ್ಬರನ್ನು, ಅವರ ಸಾಂಪ್ರದಾಯಿಕ ಉಡುಪು ಮನೆಗೆಲಸದವರ ಉಡುಪಿನಂತಿದೆ ಎಂದು ಹೇಳಿ, ಊಟದ ಮೇಜಿನಿಂದ ಎಬ್ಬಿಸಲಾಯಿತು.

ಇಲ್ಲಿ ಶ್ರಾವಕನು ಕ್ಷಣಕಾಲ ನಿಂತು ಯೋಚಿಸಬೇಕು. ಬರಿಗಾಲಿನವರಿಗೆ ಪ್ರವೇಶವಿಲ್ಲದ ಮನೆಯೊಳಗೆ ಅವನ ಗುರುಗಳು ಕಾಲಿಡಬಲ್ಲರೆ? ಊರೂರು ಪಾದಯಾತ್ರೆಯಲ್ಲಿ ವಿಹರಿಸುವ ಮುನಿಗಳನ್ನು ಎದುರುಗೊಳ್ಳಲು ರಸ್ತೆಗಿಳಿದು ಕಾದು ನಿಲ್ಲುವ ಗೃಹಸ್ಥನು, ಅದೇ ಸಂಜೆ ಆ ಮುನಿಗಳನ್ನು ಕಾವಲುಗಾರನು ಹೊರಗೆ ನಿಲ್ಲಿಸಬಹುದಾದ ಗೇಟಿನೊಳಗೆ ತಲೆಯೆತ್ತಿ ನಡೆಯುತ್ತಾನೆ. ತೀರ್ಥಂಕರರ ಸಮವಸರಣದಲ್ಲಿ ದೇವತೆಗಳಿಗೆ ಮಾತ್ರವಲ್ಲ, ಪಶುಪಕ್ಷಿಗಳಿಗೂ ಸ್ಥಳವಿತ್ತೆಂದು ಮಕ್ಕಳಿಗೆ ಪಾಠಶಾಲೆಯಲ್ಲಿ ಹೇಳಿಕೊಡಲಾಗುತ್ತದೆ. ಭಾನುವಾರ ಬೆಳಿಗ್ಗೆ ಆ ಪಾಠ ಕೇಳಿದ ಮಗು ಸಂಜೆ ಕ್ಲಬ್ಬಿನ ಹುಲ್ಲುಹಾಸಿನ ಮೇಲೆ ಕಲಿಯುವ ಪಾಠ ಬೇರೆ. ತನ್ನನ್ನು ಕರೆತಂದ ಕಾರಿನ ಚಾಲಕ ಹೊರಗೆ ಕಾಯಬೇಕು, ತನ್ನನ್ನು ಎತ್ತಿ ಆಡಿಸಿದ ಕೆಲಸದಾಕೆ ಮೇಜಿಗೆ ಬರಬಾರದು ಎಂಬುದನ್ನು ಅದು ಯಾರೂ ಹೇಳಿಕೊಡದೆಯೇ ಕಲಿಯುತ್ತದೆ.

"ಅಲ್ಲಿ ಯಾರು ಏನು ಕುಡಿದರೆ ಏನು? ಶುದ್ಧ ಸಸ್ಯಾಹಾರದ ಮೇಜು ಬೇರೆಯಿದೆ" ಎಂಬ ಸಮಾಧಾನವನ್ನು ಅನೇಕರು ಹೇಳುತ್ತಾರೆ. ಈ ಮಾತಿಗೆ ಉತ್ತರ ಶಾಸ್ತ್ರದಲ್ಲಷ್ಟೇ ಅಲ್ಲ, ಕ್ಲಬ್ಬುಗಳು ತಾವೇ ನ್ಯಾಯಾಲಯದಲ್ಲಿ ಮಂಡಿಸಿದ ವಾದದಲ್ಲಿದೆ. ಸದಸ್ಯರಿಗೆ ಒದಗಿಸುವ ಊಟ ಪಾನೀಯಗಳ ಮೇಲೆ ಮಾರಾಟ ತೆರಿಗೆ ಸಲ್ಲದೆಂದು ಕಲಕತ್ತಾ ಕ್ಲಬ್ ವಾದಿಸಿತು. ಕ್ಲಬ್ಬೆಂದರೆ ಸದಸ್ಯರೇ, ಸದಸ್ಯರೆಂದರೆ ಕ್ಲಬ್ಬೇ. ತನಗೆ ತಾನೇ ಯಾರೂ ಮಾರಲಾರರು ಎಂಬುದು ಆ ವಾದದ ತಿರುಳು. 2019ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಒಪ್ಪಿತು. 2021ರ ಹಣಕಾಸು ಕಾಯ್ದೆ ತೆರಿಗೆಗಾಗಿ ಇವರಿಬ್ಬರನ್ನೂ ಬೇರೆ ಬೇರೆಯೆಂದು ಎಣಿಸಹೊರಟದ್ದು ಪ್ರತ್ಯೇಕ ವಿಷಯ. ತೆರಿಗೆಯ ಕಟ್ಟಳೆ ಹೇಗೆ ಬದಲಾದರೂ, ತೆರಿಗೆ ಉಳಿಸಿಕೊಳ್ಳುವಾಗ "ಕ್ಲಬ್ಬೆಂದರೆ ನಾವೇ" ಎಂದವರು, ಮದ್ಯದ ಮಾತು ಬಂದಾಗ "ಅದು ಕ್ಲಬ್ಬಿನದು, ನಮ್ಮದಲ್ಲ" ಎನ್ನುವುದು ಯಾವ ನ್ಯಾಯ?

ಕೃತ, ಕಾರಿತ, ಅನುಮೋದಿತ ಎಂಬ ಮೂರು ಮಾತುಗಳು ಪ್ರತಿಯೊಂದು ಜೈನ ಮನೆಯಲ್ಲಿಯೂ ಪರಿಚಿತ. ತಾನು ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು, ಮಾಡಿದವರಿಗೆ ಸಮ್ಮತಿಸಿದ್ದು: ಮೂರಕ್ಕೂ ಬಂಧವುಂಟು. ತಿಂಗಳ ಚಂದಾ ಕಟ್ಟುವ ಸದಸ್ಯನು ಅಲ್ಲಿಯ ಪಾನಶಾಲೆಯ ಪಾಲುದಾರ. ಮಾಂಸದ ಅಡುಗೆಮನೆಯ ಪಾಲುದಾರ. ಹುಲ್ಲಿನ ಹುಳು ಕೊಲ್ಲಲು ಗಾಲ್ಫ್ ಬಯಲಿಗೆ ಸಿಂಪಡಿಸುವ ಕೀಟನಾಶಕದ ಪಾಲುದಾರ. ಅತಿಥಿಯನ್ನು ಮೇಜಿನಿಂದ ಎಬ್ಬಿಸುವ ಸಿಬ್ಬಂದಿಯ ಸಂಬಳದ ಪಾಲುದಾರ. ನೆಲದೊಳಗಿನ ಗೆಡ್ಡೆಯನ್ನು ಕೀಳುವಾಗ ಅಸಂಖ್ಯ ಜೀವಗಳಿಗೆ ಹಾನಿಯೆಂದು ಆಲೂಗಡ್ಡೆಯನ್ನು ತ್ಯಜಿಸಿದ ಕೈ, ನೂರು ಎಕರೆ ಹುಲ್ಲಿಗೆ ವಿಷ ಹಾಕುವ ಲೆಕ್ಕಪತ್ರಕ್ಕೆ ವಾರ್ಷಿಕ ಸಭೆಯಲ್ಲಿ ಮೇಲೇಳುತ್ತದೆ. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ನಿಯಮವಿರುವ ಮನೆಯವರು, ರಾತ್ರಿ ಒಂಬತ್ತಕ್ಕೆ ಜೀವ ಬರುವ ಮನೆಯಲ್ಲಿ ವಾರಕ್ಕೊಂದು ದಿನ ವ್ರತಕ್ಕೆ ರಜೆ ಕೊಡುತ್ತಾರೆ. ಈ ಬೆಲೆ ಯಾವ ರಸೀದಿಯಲ್ಲಿಯೂ ಮುದ್ರಿತವಾಗಿರುವುದಿಲ್ಲ.

ವ್ಯಾಪಾರಕ್ಕೆ ಪರಿಚಯಗಳು ಬೇಕು ಎಂಬುದು ಇನ್ನೊಂದು ವಾದ. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. ಕ್ಲಬ್ಬಿನ ಮೇಜಿನ ಸುತ್ತ ವ್ಯವಹಾರಗಳು ಕುದುರುತ್ತವೆ. ಆ ಕಾರಣಕ್ಕಾಗಿಯೇ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1988ರಲ್ಲಿ, ವ್ಯವಹಾರದ ಹಣ ಹರಿದಾಡುವ ದೊಡ್ಡ ಕ್ಲಬ್ಬುಗಳು ತಾವು ಕೇವಲ ಖಾಸಗಿಯೆಂದು ಹೇಳಿಕೊಂಡು ಭೇದಭಾವ ಮಾಡದಂತೆ ತಡೆಯುವ ನ್ಯೂಯಾರ್ಕ್ ನಗರದ ಕಾನೂನನ್ನು ಎತ್ತಿಹಿಡಿಯಿತು. ಅದೇ ದೇಶ 1993ರ ಕಾನೂನಿನ ಮೂಲಕ ಕ್ಲಬ್ಬಿನ ಚಂದಾವನ್ನು ವ್ಯಾಪಾರದ ಖರ್ಚೆಂದು ತೋರಿಸಿ ತೆರಿಗೆ ಉಳಿಸುವ ದಾರಿಯನ್ನೂ ಮುಚ್ಚಿತು. ಮುಚ್ಚಿದ ಬಾಗಿಲ ಹಿಂದೆ ಕುದುರುವ ವ್ಯವಹಾರವು ಹೊರಗೆ ನಿಂತ ಸಮರ್ಥನ ಪಾಲನ್ನು ಕಸಿದದ್ದು ಎಂಬುದು ಈ ಕ್ರಮಗಳ ಹಿಂದಿನ ಅರಿವು. ಇನ್ನು ವೃದ್ಧರಿಗೆ ಸಂಗ, ಮಕ್ಕಳಿಗೆ ಆಟ, ಹೆಣ್ಣುಮಕ್ಕಳಿಗೆ ನಿರ್ಭಯವಾದ ತಾಣ ಬೇಕೆಂಬುದು ನಿಜವಾದ ಅಗತ್ಯ. ಆದರೆ ಸಮಾಜದ ಉಳ್ಳವರು ಆ ಅಗತ್ಯವನ್ನು ತಮ್ಮ ಮಟ್ಟಿಗೆ ಹಣ ಕೊಟ್ಟು ತೀರಿಸಿಕೊಂಡ ಮೇಲೆ, ಊರಿನ ಉದ್ಯಾನ, ವಾಚನಾಲಯ, ಆಟದ ಮೈದಾನಗಳಿಗಾಗಿ ಧ್ವನಿಯೆತ್ತುವವರು ಯಾರೂ ಉಳಿಯುವುದಿಲ್ಲ.

ಈ ಮಾತು ಬಸದಿಗಳ ಟ್ರಸ್ಟುಗಳಿಗೂ ಸಂಬಂಧಿಸಿದೆ. ಶಾಸ್ತ್ರದಾನಕ್ಕಾಗಿ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯನ್ನು ಲೋಕ ದಾನಚಿಂತಾಮಣಿಯೆಂದು ಕರೆಯಿತು. ಆಕೆಯ ಸಂಪತ್ತಿಗೆ ಬಂದ ಗೌರವ, ಅದು ಕೈಬಿಟ್ಟು ಹೋದದ್ದಕ್ಕೆ ಬಂದದ್ದು. ಧರ್ಮಸ್ಥಳದ ಅನ್ನಛತ್ರದಲ್ಲಿ ಇಂದಿಗೂ ಬಂದವರ ಕುಲಗೋತ್ರ ಕೇಳದೆ ಊಟ ಬಡಿಸಲಾಗುತ್ತದೆ. ಅದನ್ನು ನಡೆಸಿಕೊಂಡು ಬಂದದ್ದು ಒಂದು ಜೈನ ಮನೆತನ. ಇಂತಹ ಪರಂಪರೆಯ ವಾರಸುದಾರರಾದ ಟ್ರಸ್ಟುಗಳು ತಮ್ಮ ಸನ್ಮಾನ ಸಮಾರಂಭವನ್ನು, ವಾರ್ಷಿಕ ಸಭೆಯನ್ನು ಸದಸ್ಯರಲ್ಲದವರು ಕಾಲಿಡಲಾಗದ ಕ್ಲಬ್ಬಿನ ಸಭಾಂಗಣದಲ್ಲಿ ನಡೆಸುವುದು ಉಚಿತವೆ? ಬಸದಿಯ ಪುರೋಹಿತರೂ, ಅಡುಗೆಯವರೂ, ಬಾಡಿಗೆ ಮನೆಯ ಶ್ರಾವಕರೂ ಸಂಕೋಚವಿಲ್ಲದೆ ಬರಲಾರದ ಸ್ಥಳದಲ್ಲಿ ನಡೆದದ್ದು ಸಮಾಜದ ಸಭೆಯಾಗದು. ಅಮೆರಿಕದ ಹಲವು ಯೆಹೂದಿ ಕ್ಲಬ್ಬುಗಳಲ್ಲಿ, ಸೇರಬಯಸುವವನು ದಾನಧರ್ಮಗಳಿಗೆ ಎಷ್ಟು ಕೊಟ್ಟಿದ್ದಾನೆಂದು ವಿಚಾರಿಸುವ ಪದ್ಧತಿಯಿತ್ತು. ಜೈನ ಸಮಾರಂಭಗಳಲ್ಲಿ ಈಗ ಕ್ಲಬ್ಬಿನ ಹೆಸರನ್ನು ಕೇಳಿ ದಾನಿಗೆ ಮುಂದಿನ ಸಾಲಿನ ಕುರ್ಚಿ ಕೊಡಲಾಗುತ್ತಿದೆ.

ಪರಿಗ್ರಹ ಪರಿಮಾಣ ವ್ರತವು ಗೃಹಸ್ಥನಿಗೆ ಎಲ್ಲವನ್ನೂ ಬಿಡೆಂದು ಹೇಳುವುದಿಲ್ಲ. ಇಷ್ಟು ಸಾಕೆಂದು ಗೆರೆ ಎಳೆದುಕೊಳ್ಳಲು ಹೇಳುತ್ತದೆ. ಹೊಲ, ಮನೆ, ಚಿನ್ನ, ಧಾನ್ಯಗಳ ಪಟ್ಟಿಯಲ್ಲಿ ಇಂದು ಸದಸ್ಯತ್ವವನ್ನೂ ಸೇರಿಸಬೇಕು. ಅದು ಕಣ್ಣಿಗೆ ಕಾಣದ ಪರಿಗ್ರಹವಾದರೂ ಅದರ ಮೋಹ ಚಿನ್ನದ ಮೋಹಕ್ಕಿಂತ ಕಡಿಮೆಯದಲ್ಲ. ಮುಂದಿನ ಪರ್ಯೂಷಣದೊಳಗೆ ಪ್ರತಿಯೊಂದು ಸದಸ್ಯ ಕುಟುಂಬವೂ ಮೇಲೆ ಹೇಳಿದ ಹಾಳೆಯನ್ನು ಬರೆಯಲಿ. ಒಂದು ಕಡೆ ರೂಪಾಯಿಗಳು, ಇನ್ನೊಂದು ಕಡೆ ಮುರಿದ ನಿಯಮಗಳು, ಕೆಳಗೆ ಹೊರಗೆ ನಿಲ್ಲಿಸಲ್ಪಟ್ಟವರು. ಬಳಿಕವೂ ಸದಸ್ಯತ್ವ ಬೇಕೆನಿಸಿದರೆ ಅದು ಆ ಮನೆಯವರ ಇಚ್ಛೆ. ಟ್ರಸ್ಟುಗಳಾದರೂ ಎರಡು ನಿರ್ಣಯಗಳನ್ನು ಮಾಡಬಹುದು: ಸಮಾಜದ ಯಾವ ಸಭೆಯೂ ಮುಚ್ಚಿದ ಬಾಗಿಲಿನ ಹಿಂದೆ ನಡೆಯತಕ್ಕದ್ದಲ್ಲ; ದಾನಿಯ ಪರಿಚಯದಲ್ಲಿ ಆತನು ಕೊಟ್ಟದ್ದನ್ನು ಹೇಳಬೇಕೇ ಹೊರತು ಸೇರಿದ್ದನ್ನಲ್ಲ. ಇದಕ್ಕೆ ಹಣ ಬೇಕಿಲ್ಲ. ಮುಂದಿನ ಆಡಳಿತ ಮಂಡಳಿಯ ಸಭೆಯಲ್ಲಿ ಯಾರಾದರೊಬ್ಬರು ಎದ್ದುನಿಂತು ಸೂಚಿಸಿದರೆ ಸಾಕು.